ಬಿಳಿ ಕೋಟಿನ ಮಡಿಕೆ

2021ರ ಆಗಸ್ಟ್ 23, ಸೋಮವಾರ. ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ಲೋರ್ನಾ ಗ್ರೇಡಿ ಬಕ್‌ಹಾರ್ನ್ ಕಣಿವೆಯ ಪೊಲೀಸ್ ಠಾಣೆಗೆ ಬಂದು, ಮುಚ್ಚಳ ಬಿಗಿದ ಗಾಜಿನ ಜಾಡಿಯೊಂದನ್ನು ಸಾರ್ಜೆಂಟ್ ರೂಬೆನ್ ಅಜೆವೆಡೊನ ಮೇಜಿನ ಮೇಲೆ ಕುಕ್ಕಿದಳು. ಒಳಗೊಂದು ಗಾಂಜಾ ಟೊಂಗೆ ಇತ್ತು. ಅದರ ಎಲೆಗಳ ಅಂಚು ಮೇಲಕ್ಕೆ ಸುರುಳಿಗೊಂಡು, ಹಸಿರು ಸತ್ತು ತುಕ್ಕಿನ ಬಣ್ಣಕ್ಕೆ ತಿರುಗಿತ್ತು.

“ಕೊಲೆ ಆಗಿದೆ. ಬರ್ಕೊಳ್ಳಿ.”

“ಯಾರದ್ದು?”

“ನೂರ ನಲವತ್ತು ಗಿಡದ್ದು.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ರೂಬೆನ್ ನಗಲಿಲ್ಲ. ಕೆಲವು ವರ್ಷಗಳ ಹಿಂದೆ ಹೆಲಿಕಾಪ್ಟರಿನಿಂದ ಇಳಿದು ಇವೇ ಗಿಡಗಳನ್ನು ಕಡಿದು ಗುಡ್ಡೆ ಹಾಕುತ್ತಿದ್ದವನು ಅವನು. ಈಗ ಸರಕಾರವೇ ಪರವಾನಗಿ ಕೊಟ್ಟ ಮೇಲೆ ಅವುಗಳ ಪರವಾಗಿ ದೂರು ಬರೆದುಕೊಳ್ಳಬೇಕು. ಕಾಲಕ್ಕೆ ತಕ್ಕ ಕೋಲ. ಅವನು ಜಾಡಿಗೆ ಕೈ ಹಾಕಿದ್ದೇ ತಡ, ಕಾನ್‌ಸ್ಟೇಬಲ್ ಡಾನಾ ಹಾಸ್ಲರ್ ಗೋಡೆಗೆ ಅಂಟಿಕೊಂಡಳು.

“ತೆಗೀಬೇಡಿ ಸಾರ್! ಅದು ನುಸಿ. ಕಣ್ಣಿಗೆ ಕಾಣಲ್ಲ, ಬಟ್ಟೆ ಮೇಲೆ ಕೂತು ಬರತ್ತೆ. ಸಂಜೆ ನಾನು ಅಮ್ಮನ ತೋಟಕ್ಕೆ ನೀರು ಬಿಡ್ಬೇಕು.”

“ಔಷಧಿ ಹೊಡೆದ್ರಾಯ್ತಲ್ಲ?”

ಅವನ ಅಜ್ಞಾನಕ್ಕೆ ಲೋರ್ನಾ ಮುಖ ಸಿಂಡರಿಸಿದಳು. “ಹೂವಿಗೆ ಮುಂಚೆ ಗಂಧಕ, ಹೂ ಬಂದ್ಮೇಲೆ ದೇವರು. ಈಗ ಹೂ ಕಟ್ಟಿದೆ. ಗಂಧಕ ಹೊಡೆದ್ರೆ ಹೂವಲ್ಲೇ ಉಳಿಯತ್ತೆ, ಮಾರೋ ಮುಂಚೆ ಪರೀಕ್ಷೆ ಮಾಡೋ ಪ್ರಯೋಗಾಲಯದವರು ಅಷ್ಟನ್ನೂ ತಿಪ್ಪೆಗೆ ಹಾಕ್ತಾರೆ. ಹೊಡೀದಿದ್ರೆ ನುಸಿ ತಿನ್ನತ್ತೆ. ಅದನ್ನ ತಿಳ್ಕೊಂಡೇ ಮಾಡಿದಾರೆ.”

“ಯಾರಿಗೆ ನಿಮ್ಮ ಮೇಲೆ ಕೋಪ?”

“ಎಲ್ಲರಿಗೂ. ಸರಿಯಾದ್ದು ಹೇಳೋರನ್ನ ಯಾರು ಪ್ರೀತಿಸ್ತಾರೆ?”

ಇದು ಜಂಬದ ಮಾತಾದರೂ ಸುಳ್ಳಲ್ಲ. ಅರವತ್ತೊಂದು ವರ್ಷದ ಈ ಗಿಡ್ಡ ಹೆಂಗಸು ಕಣಿವೆಯ ನುಸಿ ವೈದ್ಯೆ. ಕೊರಳಲ್ಲಿ ಭೂತಗನ್ನಡಿ ನೇತುಹಾಕಿಕೊಂಡು ಯಾರ ತೋಟದ ಎಲೆಯನ್ನಾದರೂ ನೋಡಿ ತೀರ್ಪು ಕೊಡುವವಳು. ನುಸಿ ಕಂಡ ತೋಟವನ್ನು ಮರುದಿನವೇ ಬುಡಸಮೇತ ಕೀಳಬೇಕು, ಒಂದು ತೋಟದಲ್ಲಿ ತೊಟ್ಟ ಬಟ್ಟೆಯಲ್ಲಿ ಇನ್ನೊಂದಕ್ಕೆ ಕಾಲಿಡಬಾರದು, ಆಯಾ ತೋಟದ ಬಾಗಿಲಲ್ಲಿ ಇಟ್ಟಿರುವ ಕೋಟು ತೊಟ್ಟೇ ಒಳಗೆ ಹೋಗಬೇಕು ಎಂಬ ಕಟ್ಟಳೆಗಳನ್ನು ಬೆಳೆಗಾರರ ಸಂಘದಲ್ಲಿ ಮಾಡಿಸಿದವಳು ಇವಳೇ. ಆರು ವರ್ಷದಲ್ಲಿ ನಾಲ್ಕು ತೋಟ ಕೀಳಿಸಿದ್ದಳು. ಐದನೆಯದು ತನ್ನದಾಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

10.05ಕ್ಕೆ ಎಫ್‌ಐಆರ್ ದಾಖಲಾಯಿತು. 11.30ಕ್ಕೆ ರೂಬೆನ್, ಡಾನಾ, ಜಿಲ್ಲಾ ಕೃಷಿ ಅಧಿಕಾರಿ ಹೋಯ್ಟ್ ಮೂವರೂ ಲೋರ್ನಾಳ ತೋಟದ ಬಾಗಿಲಲ್ಲಿದ್ದರು. ಅಲ್ಲೊಂದು ಮರದ ಪೆಟ್ಟಿಗೆ, ಅದರೊಳಗೆ ಬಿಳಿ ಕೋಟುಗಳು.

“ನಾನು ಸಮವಸ್ತ್ರದಲ್ಲಿದ್ದೀನಿ,” ಎಂದ ರೂಬೆನ್.

“ನುಸಿಗೆ ಅದು ಗೊತ್ತಾಗಲ್ಲ. ಹಾಕ್ಕೊಳ್ಳಿ,” ಎಂದಳು ಲೋರ್ನಾ.

ಹಾಕಿಕೊಂಡ. ಗಿಡಗಳು ಅವನಿಗಿಂತ ಎತ್ತರವಿದ್ದವು. ಹೋಯ್ಟ್ ಮೊದಲನೇ ಸಾಲಿನಲ್ಲಿ ಮಂಡಿಯೂರಿ ಬುಡ ನೋಡಿದ, ಎದ್ದು ನಡು ನೋಡಿದ, ಇನ್ನೊಂದು ಸಾಲಿಗೆ ಹೋಗಿ ಹಾಗೆಯೇ ಮಾಡಿದ. ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡ.

“ವಿಚಿತ್ರ. ಸಸಿ ಜೊತೆ ಬಂದಿದ್ರೆ ಬುಡದಿಂದ ಮೇಲಕ್ಕೆ ಹತ್ತಬೇಕಿತ್ತು. ಗಾಳೀಲಿ ಬಂದಿದ್ರೆ ಬೇಲಿ ಕಡೆಯಿಂದ ಒಳಗೆ ಬರಬೇಕಿತ್ತು. ಇಲ್ಲಿ ಬುಡ ಶುದ್ಧವಾಗಿದೆ, ಬೇಲಿ ಪಕ್ಕವೂ ಶುದ್ಧ. ದಾರಿಯ ಎರಡೂ ಕಡೆ, ಇಷ್ಟೇ ಎತ್ತರದಲ್ಲಿ ಮಾತ್ರ ರೋಗ.” ಅವನು ತನ್ನ ಎದೆಯ ಕೆಳಗೆ ಕೈಯಿಟ್ಟು ತೋರಿಸಿದ.

ಗಿಡ ಮುಟ್ಟಲು ಚಾಚಿದರೆ ಲೋರ್ನಾಳ ಕೈ ಸರಿಯಾಗಿ ಆ ಎತ್ತರಕ್ಕೇ ಬರುತ್ತಿತ್ತು. ಅದು ರೂಬೆನ್‌ಗೂ ಕಂಡಿತು.

“ಈ ದಾರೀಲಿ ದಿನಾ ಯಾರು ಓಡಾಡ್ತಾರೆ?”

“ನಾನೊಬ್ಬಳೇ. ಬೆಳಿಗ್ಗೆ ಒಂದೊಂದು ಗಿಡನೂ ಮುಟ್ಟಿ ನೋಡ್ತೀನಿ.” ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ತಿಳಿಯಿತು. “ನಾನೇ ಹಚ್ಚಿದೆ ಅಂತಾನಾ?”

ಅವಳು ಎರಡೂ ಕೈಗಳನ್ನು ಮೈಯಿಂದ ದೂರ ಚಾಚಿ ಹಾಗೆಯೇ ನಿಂತಳು. ರೂಬೆನ್‌ಗೆ ಅಯ್ಯೋ ಅನಿಸಿತು.

ಪೆಟ್ಟಿಗೆಯನ್ನು ಪಂಚನಾಮೆಗೆ ತೆಗೆದುಕೊಂಡರು. ದೊಡ್ಡ ಅಳತೆಯ ಕೋಟುಗಳು ಐದು. ಲೋರ್ನಾಳಿಗೆಂದೇ ಇಟ್ಟ ಚಿಕ್ಕವು ಎರಡು, ಒಂದು ಅವಳ ಮೈಮೇಲಿತ್ತು. ಇನ್ನೊಂದು ಶನಿವಾರ ಲಾಂಡ್ರಿಯಿಂದ ಬಂದದ್ದು ಬಂದಂತೆಯೇ ಪ್ಲಾಸ್ಟಿಕ್ ಹೊದಿಕೆಯೊಳಗಿತ್ತು. ಅವಳ ಕೈ ಗಿಡ್ಡವಾದ್ದರಿಂದ ತೋಳಿನ ತುದಿಯನ್ನು ಎರಡು ಸುತ್ತು ಮಡಚಿ ಇಸ್ತ್ರಿ ಮಾಡಿದ್ದರು. ಡಾನಾ ಹೊದಿಕೆ ಕತ್ತರಿಸಿ, ಬಿಳಿ ಕಾಗದದ ಮೇಲೆ ಆ ಮಡಿಕೆ ಬಿಚ್ಚಿದಳು. ಎಲೆಯ ಚೂರುಗಳು ಉದುರಿದವು, ಇನ್ನೂ ಹಸಿಯಾಗಿದ್ದವು.

“ಒಗೆದು ಒಣಗಿಸೋ ಬಿಸಿಗೆ ನುಸಿ ಬದುಕಲ್ಲ ಸಾರ್,” ಎಂದಳು ಡಾನಾ. “ಇಸ್ತ್ರಿ ಆದ್ಮೇಲೆ ತುಂಬಿದಾರೆ.”

“ಲಾಂಡ್ರಿ ಯಾರು ನೋಡ್ಕೊಳ್ಳೋದು?”

“ವೆಂಡೆಲ್ ಸ್ಟೋಕ್,” ಎಂದಳು ಲೋರ್ನಾ, ದನಿ ತಗ್ಗಿಸಿ. “ಅವನಾಗಿರಕ್ಕಿಲ್ಲ. ತೋಟ ಹೋದ್ಮೇಲೆ ಆ ಕೆಲಸ ಕೊಡಿಸಿದ್ದೇ ನಾನು.”

“ತೋಟ ಹೇಗೆ ಹೋಯ್ತು?”

“ನುಸಿ ಬಂದಿತ್ತು,” ಎಂದು ಅವಳು ಬೇರೆ ಕಡೆ ನೋಡಿದಳು.

ಆಗಸ್ಟ್ 24, ಮಂಗಳವಾರ. ಎಲೆಚೂರಿನಲ್ಲಿ ಜೀವಂತ ನುಸಿ ಇದೆಯೆಂದು ಬೆಳಿಗ್ಗೆ 11ಕ್ಕೆ ಹೋಯ್ಟ್ ವರದಿ ಕೊಟ್ಟ. ಕಣಿವೆಯಲ್ಲಿ ಈ ವರ್ಷ ಬೇರೆಲ್ಲೂ ನುಸಿಯಿಲ್ಲ. ಸುತ್ತಲ ಜಿಲ್ಲೆಗಳ ಪಟ್ಟಿಯಲ್ಲಿದ್ದದ್ದು ಒಂದೇ ತೋಟ, ನಾಲ್ಕು ಗಂಟೆಯ ದಾರಿ. ರೂಬೆನ್ ಅಲ್ಲಿಯ ಬೆಳೆಗಾರನಿಗೆ ಫೋನ್ ಹಚ್ಚಿದ.

“ರೋಗದ ಎಲೆ ಬೇಕು ಅಂತ ಯಾರಾದ್ರೂ ಬಂದಿದ್ರಾ?”

“ಬಂದಿದ್ದ ಮಾರಾಯ, ಒಬ್ಬ ಮುದುಕ. ಮೂರು ಸಲ. ಜ್ವರ ಕೇಳ್ಕೊಂಡು ಬಂದವನನ್ನ ಯಾರಾದ್ರೂ ಬೇಡ ಅಂತಾರಾ? ಚೀಲ ತುಂಬ ಕೊಟ್ಟೆ.”

“ಗಾಡಿ ನೋಡಿದ್ರಾ?”

“ಬಿಳಿ ವ್ಯಾನು. ಪಕ್ಕದಲ್ಲಿ ಅಂಗಿ ಚಿತ್ರ.”

ಸಂಜೆ 4.20ಕ್ಕೆ ನ್ಯಾಯಾಧೀಶರು ಶೋಧನಾ ವಾರಂಟಿಗೆ ಸಹಿ ಮಾಡಿದರು.

ಆಗಸ್ಟ್ 25, ಬುಧವಾರ, ಬೆಳಿಗ್ಗೆ 8.30. ಶನಿವಾರದಂತೆ ಬುಧವಾರವೂ ಕೋಟು ತಲುಪಿಸುವ ದಿನ. ಲಾಂಡ್ರಿಯ ಹಿಂಬದಿಯ ಕೋಣೆಯಲ್ಲಿ ವೆಂಡೆಲ್ ಇಸ್ತ್ರಿ ಮಾಡುತ್ತಿದ್ದ. ಅರವತ್ತಾರು ವರ್ಷ, ಮೊರದಂಥ ಕೈಗಳು. ಪೊಲೀಸರನ್ನು ಕಂಡು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ, ಅಷ್ಟೆ.

“ಫ್ರಿಜ್ಜಲ್ಲಿ ಏನಿದೆ?” ರೂಬೆನ್ ಕೇಳಿದ.

“ಮಧ್ಯಾಹ್ನದ ಸ್ಯಾಂಡ್‌ವಿಚ್.”

“ಅದರ ಪಕ್ಕ?”

“ಲೋರ್ನಾದು.”

ಸ್ಯಾಂಡ್‌ವಿಚ್ ಪಕ್ಕದ ಚೀಲದಲ್ಲಿ ತುಕ್ಕು ಬಣ್ಣದ ಎಲೆಗಳಿದ್ದವು. ಇಬ್ಬರು ಗಿರಾಕಿಗಳ ಸಮ್ಮುಖದಲ್ಲಿ ಪಂಚನಾಮೆ ಮುಗಿಸಿ, 9.10ಕ್ಕೆ ವೆಂಡೆಲ್‌ನನ್ನು ದಸ್ತಗಿರಿ ಮಾಡಿದರು. ಅವನು ವಕೀಲ ಬೇಡವೆಂದ. ಠಾಣೆಯಲ್ಲಿ ಕುಳಿತು, ಕೇಳಿದ್ದಕ್ಕೆಲ್ಲ ಹವಾಮಾನ ಹೇಳುವವನಂತೆ ಉತ್ತರ ಕೊಟ್ಟ.

“ಯಾವಾಗಿಂದ?”

“ಆಗಸ್ಟ್ ನಾಲ್ಕು. ಗಂಧಕ ಹೊಡೆಯೋದು ಮುಗೀತಾ ಅಂತ ಅವಳನ್ನೇ ಕೇಳಿದ್ದೆ. ಜುಲೈ ಇಪ್ಪತ್ನಾಲ್ಕಕ್ಕೆ ಮುಗೀತು ಅಂದ್ಲು. ಅದರ ಕಾವು ಆರಲಿ ಅಂತ ಹತ್ತು ದಿನ ಕಾದೆ.”

“ರಾತ್ರಿ ಬೇಲಿ ಹಾರಿ ಎಸೆದು ಬರಬಹುದಿತ್ತಲ್ಲ?”

“ಅದರಲ್ಲೇನಿದೆ? ಅವಳ ಕೈಯಾರೆ ಆಗ್ಬೇಕಿತ್ತು. ದಿನಾ ಸವರಿ ಸವರಿ ಹಚ್ಚಲಿ ಅಂತ.”

“ಯಾಕೆ?”

ವೆಂಡೆಲ್ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲಿಟ್ಟ. ಖಾಸಗಿ ಪ್ರಯೋಗಾಲಯದ ವರದಿ, ದಿನಾಂಕ 2019ರ ಆಗಸ್ಟ್ 19, ಕಳುಹಿಸಿದವರು ಲೋರ್ನಾ ಗ್ರೇಡಿ. ಸ್ಟೋಕ್ ತೋಟದ ಎಲೆ. ನುಸಿ ಇಲ್ಲ. ಬಾವಿನೀರಿನ ಉಪ್ಪಿನಿಂದ ಎಲೆ ಮುರುಟಿದೆ, ನೀರು ಬದಲಿಸಿದರೆ ಸಾಕು.

“ಅವಳ ಹಳೇ ಜಾಕೆಟ್ಟು ಈ ವರ್ಷ ಮೇ ತಿಂಗಳಲ್ಲಿ ಒಗೆಯೋಕೆ ಬಂತು. ಜೇಬು ನೋಡೋದು ನಮ್ಮ ಪದ್ಧತಿ.” ಅವನು ತನ್ನ ಕೈಗಳನ್ನು ನೋಡಿಕೊಂಡ. “ಆ ಆಗಸ್ಟ್ ಹದಿನೈದಕ್ಕೆ ಬಂದು ಭೂತಗನ್ನಡಿ ಹಿಡಿದು ನುಸಿ ಅಂದಿದ್ಲು. ಹದಿನಾರಕ್ಕೆ ಕಿತ್ತು ಸುಟ್ಟೆ. ಅರವತ್ತು ಗಿಡ. ನನ್ನ ಹೆಂಡ್ತಿ ಆರ್ಡಿಸ್ ಇಪ್ಪತ್ತೆರಡು ವರ್ಷ ಆರಿಸಿ ಆರಿಸಿ ಮಾಡಿದ ತಳಿ ಅದು. ಅವಳು ಸತ್ತ ಮೇಲೆ ಉಳಿದಿದ್ದ ಬೀಜ ಅಷ್ಟನ್ನೂ ಆ ವರ್ಷ ಮಣ್ಣಿಗೆ ಹಾಕಿದ್ದೆ. ನಮ್ಮ ಬಾಗಿಲಲ್ಲಿ ಕೋಟು ಇರಲಿಲ್ಲ, ಯಾರೂ ಒಳಗೆ ಬರಲಿಲ್ಲ. ಒಬ್ಬನೇ ಕಿತ್ತೆ. ಲೋರ್ನಾ ಬೇಲಿ ಆಚೆ ನಿಂತು ಎಣಿಸ್ತಿದ್ಲು. ಬೀಜಕ್ಕೆ ಅಂತ ನೀರಿನ ತೊಟ್ಟಿ ಹಿಂದೆ ಒಂದನ್ನ ಬಿಟ್ಟಿದ್ದೆ. ‘ಐವತ್ತೊಂಬತ್ತು ವೆಂಡೆಲ್, ಇನ್ನೊಂದು ಎಲ್ಲಿ?’ ಅಂದ್ಲು.”

ಡಾನಾ ಬರೆಯುವುದನ್ನು ನಿಲ್ಲಿಸಿದಳು.

“ಇಲ್ಲದ ನುಸಿ ಇದೆ ಅಂದ್ಲು,” ಎಂದ ವೆಂಡೆಲ್. “ನಾಲ್ಕು ಗಂಟೆ ಗಾಡಿ ಓಡಿಸಿ ಹುಡುಕಿ ತಂದೆ. ಅವಳ ಮಾತು ಸುಳ್ಳಾಗಬಾರದು ನೋಡಿ.”

ಮಧ್ಯಾಹ್ನ 2ಕ್ಕೆ ರೂಬೆನ್ ವರದಿಯ ಪ್ರತಿಯನ್ನು ಲೋರ್ನಾಳ ಅಡುಗೆಮನೆಯ ಮೇಜಿನ ಮೇಲಿಟ್ಟ. ಅವಳು ಕನ್ನಡಕ ಹಾಕಿಕೊಳ್ಳಲಿಲ್ಲ. ಓದುವ ಅಗತ್ಯವಿರಲಿಲ್ಲ.

“ಯಾಕೆ ಹೇಳಲಿಲ್ಲ?”

“ಹೇಳಕ್ಕೇ ಅಂತ ಜೇಬಿಗೆ ಹಾಕ್ಕೊಂಡು ಅವನ ಬಾಗಿಲ ತನಕ ಹೋಗಿದ್ದೆ. ಬೂದಿ ಇನ್ನೂ ಹೊಗೆ ಆಡ್ತಿತ್ತು.” ಅವಳ ದನಿ ಗಟ್ಟಿಯಾಯಿತು. “ಹೇಳಿದ್ರೆ ಗಿಡ ಬರ್ತಿತ್ತಾ? ಒಂದು ಸಲ ತಪ್ಪಿದೆ ಅಂತ ಗೊತ್ತಾದ್ರೆ ಮುಂದಿನ ಸಲ ಯಾರೂ ಕೀಳಲ್ಲ. ನನ್ನ ಮಾತು ನಂಬಿದ್ದಕ್ಕೇ ಈ ಕಣಿವೆ ಉಳಿದಿದೆ.”

“ವೆಂಡೆಲ್ ಉಳಿಯಲಿಲ್ಲವಲ್ಲ.”

“ಅದಕ್ಕೇ ಕೆಲಸ ಕೊಡಿಸಿದೆ,” ಎಂದಳು ಲೋರ್ನಾ. ಮಹಾ ಉಪಕಾರ! ರೂಬೆನ್‌ಗೆ ಮೈಯೆಲ್ಲ ಉರಿಯಿತು, ಆದರೆ ಅವಳ ಮೇಲೆ ಹಾಕಲು ಯಾವ ಕಲಮೂ ಇರಲಿಲ್ಲ. ಠಾಣೆಗೆ ಮರಳಿ ಉದ್ದೇಶಪೂರ್ವಕ ಆಸ್ತಿ ಹಾನಿಯೆಂದು ಆರೋಪ ಬರೆದ. ಪ್ರೇರಣೆ ಎಂಬಲ್ಲಿ ಮೊದಲು ‘ಹಳೆಯ ದ್ವೇಷ’ ಎಂದು ಬರೆದಿದ್ದ. ಅದನ್ನು ಹೊಡೆದುಹಾಕಿ ‘ತಿಳಿದೂ ಮುಚ್ಚಿಟ್ಟ ವರದಿ’ ಎಂದು ಬರೆದು, ಕಾಗದವನ್ನು ಲಗತ್ತಿಸಿದ.

ಆಗಸ್ಟ್ 26, ಗುರುವಾರ, ಬೆಳಿಗ್ಗೆ 7. ತನಿಖೆಗೆಂದು ಪೊಲೀಸರು ಎರಡು ದಿನ ತಡೆದಿದ್ದರು, ಆದರೆ ಕಟ್ಟಳೆ ಲೋರ್ನಾಳಿಗೂ ಕಟ್ಟಳೆಯೇ. ಬೇಲಿಯಾಚೆ ಕಣಿವೆಯ ಹನ್ನೊಂದು ಜನ ಬೆಳೆಗಾರರು ಕೈಕಟ್ಟಿ ನಿಂತಿದ್ದರು. ವರದಿಯ ಸುದ್ದಿ ಅಷ್ಟರಲ್ಲಿ ಮನೆಮನೆಗೂ ಮುಟ್ಟಿತ್ತು.

“ಬಂದು ಕೈಜೋಡಿಸ್ತಿದ್ವಿ ಲೋರ್ನಾ,” ಎಂದ ಪ್ರೂಯಿಟ್ ಎಂಬ ಮುದುಕ, ಬಹಳ ಮರ್ಯಾದೆಯಿಂದ. “ಕೋಟಿಲ್ಲವಲ್ಲ.”

ಡಾನಾ ಪಿಸುಗುಟ್ಟಿದಳು, “ಸಾರ್, ಕೋಟೆಲ್ಲ ನಮ್ಮ ಹತ್ರ ಇವೆ.”

“ಅವು ಸಾಕ್ಷಿ.”

ಲೋರ್ನಾ ಒಬ್ಬಳೇ ಕಿತ್ತಳು. ಒಂದೊಂದು ಬುಡಕ್ಕೂ ಗುದ್ದಲಿ ಹಾಕಿ, ಅಲುಗಾಡಿಸಿ, ಎಳೆದು, ಕಪ್ಪು ಚೀಲಕ್ಕೆ ತುಂಬಿ ಬಾಯಿ ಕಟ್ಟಿದಳು. ಮಧ್ಯಾಹ್ನಕ್ಕೆ ಅಂಗೈ ಬಿರಿದು ರಕ್ತ ಬಂತು. ಜನ ತಂದಿದ್ದ ಬುತ್ತಿ ಬಿಚ್ಚಿ ತಿಂದರು, ಯಾರೂ ಮನೆಗೆ ಹೋಗಲಿಲ್ಲ. ಸಂಜೆ 5.50ಕ್ಕೆ ಅವಳು ಕೊನೆಯ ಸಾಲಿನ ಮೂಲೆಗೆ ಬಂದಳು. ಅಲ್ಲೊಂದು ಗಿಡ ಬೇಲಿಗೆ ಒತ್ತಿ ನಿಂತಿತ್ತು, ಒಂದು ಎಲೆಯೂ ಮುರುಟದೆ, ಹಚ್ಚಹಸಿರಾಗಿ. ಅವಳು ಭೂತಗನ್ನಡಿ ಹಿಡಿದು ಮೇಲಿನಿಂದ ಬುಡದ ತನಕ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಗುದ್ದಲಿ ಕೆಳಗಿಟ್ಟು, ಬಾಗಿಲ ಕಡೆಗೆ ಎರಡು ಹೆಜ್ಜೆ ಹಾಕಿದಳು.

“ನೂರ ಮೂವತ್ತೊಂಬತ್ತು, ಲೋರ್ನಾ,” ಎಂದ ಪ್ರೂಯಿಟ್ ಬೇಲಿಯಾಚೆಯಿಂದ. “ಇನ್ನೊಂದು ಎಲ್ಲಿ?”