ಗುಂಡ್ಲುಪೇಟೆಯಿಂದ ಬಂದ ಒಂದು ಪುಟ

ಮರೆತದ್ದೋ, ಹೇಳಬಾರದು ಅಂದುಕೊಂಡದ್ದೋ? ಪುಟ್ಟಮಾದು ಸತ್ತ ಮೂರನೆಯ ದಿನವೂ ರಘುನಾಥನಿಗೆ ಇದು ಬಗೆಹರಿದಿರಲಿಲ್ಲ. ಮರೆತದ್ದಾದರೆ ಅದು ಬರೀ ತಪ್ಪು, ಯಾರೂ ಮಾಡಬಹುದಾದದ್ದು. ಆದರೆ ಮಂಗಳವಾರ ಸಂಜೆ ಯಜಮಾನರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಆ ಮಾತು ನಾಲಿಗೆಯ ತುದಿವರೆಗೆ ಬಂದಿತ್ತಲ್ಲ, ಬಂದು ಹಿಂದಕ್ಕೆ ಹೋಗಿತ್ತಲ್ಲ, ಅದಕ್ಕೆ ಏನೆನ್ನಬೇಕು?

ಯಜಮಾನರು ಶಿವರುದ್ರಸ್ವಾಮಿಯವರದು ಕರಿಕಲ್ಲಿನ ವ್ಯಾಪಾರ. ಆಫೀಸು ಚಾಮರಾಜನಗರದಲ್ಲಿ, ಕಲ್ಲಿನ ದಿಮ್ಮಿಗಳನ್ನು ಪೇರಿಸಿ ಲಾರಿಗೆ ತುಂಬುವ ಯಾರ್ಡು ಗುಂಡ್ಲುಪೇಟೆ ದಾಟಿ ಹಂಗಳದ ದಾರಿಯಲ್ಲಿ. 2008ರ ಬೇಸಿಗೆಯಲ್ಲಿ ಎರಡೂ ಕಡೆಗೆ ಇಂಟರ್‌ನೆಟ್ ಫೋನು ಬಂತು. ತರಿಸಿದವನು, ಕೂಡಿಸಿದವನು, ಅದರ ಪಾಸ್‌ವರ್ಡ್ ಇಟ್ಟುಕೊಂಡವನು ಎಲ್ಲ ರಘುನಾಥನೇ. ಉಡಿಗಾಲದವನು, ಬಿ.ಎಸ್ಸಿ. ಓದಿದವನು, ಆ ಆಫೀಸಿನಲ್ಲಿ ಕಂಪ್ಯೂಟರ್ ಬಲ್ಲ ಒಬ್ಬನೇ ಒಬ್ಬ. ಮಾತು ಮೊದಲ ದಿನವೇ ಸರಾಗವಾಗಿ ಹರಿಯಿತು. ಹರಿಯದೆ ಹೋದದ್ದು ಫ್ಯಾಕ್ಸು. ಯಾರ್ಡಿನಿಂದ ಬರುವ ಕಾಗದ ಅರ್ಧಕ್ಕೆ ನಿಲ್ಲುತ್ತಿತ್ತು, ಇಲ್ಲವೇ ಅಡ್ಡಡ್ಡ ಕಪ್ಪು ಗೆರೆಯಾಗಿ ಬರುತ್ತಿತ್ತು. ಇಂಟರ್‌ನೆಟ್ ಫೋನು ದನಿಯನ್ನು ಹಿಂಡಿ, ತುಂಡು ಮಾಡಿ ಕಳಿಸುತ್ತದೆ. ನಡುವೆ ಒಂದೆರಡು ತುಂಡು ಕಳೆದುಹೋದರೂ ಮನುಷ್ಯನ ಕಿವಿ ಅದನ್ನು ತಾನೇ ತುಂಬಿಕೊಳ್ಳುತ್ತದೆ. ಫ್ಯಾಕ್ಸ್ ಯಂತ್ರ ಏನನ್ನೂ ತುಂಬಿಕೊಳ್ಳುವುದಿಲ್ಲ. ಒಂದು ತುಂಡು ಸಿಗದಿದ್ದರೂ ಅದು ಅಲ್ಲಿಗೇ ಬಾಯಿ ಮುಚ್ಚುತ್ತದೆ.

ಎರಡು ವಾರ ಅವನು ಅದರ ಹಿಂದೆ ಬಿದ್ದಿದ್ದ. ದನಿ ಹಿಂಡುವುದನ್ನು ನಿಲ್ಲಿಸಿದ, ವೇಗ ತಗ್ಗಿಸಿದ, ಯಂತ್ರದ ತಂತಿ ಸೇರುವ ಪೆಟ್ಟಿಗೆಯ ಒಂದೊಂದೇ ಸೆಟ್ಟಿಂಗನ್ನು ಬದಲಿಸಿ ಬದಲಿಸಿ ನೋಡಿದ. ಆ ಮಂಗಳವಾರ ಬೆಳಿಗ್ಗೆ ಹನ್ನೊಂದೂ ಮುಕ್ಕಾಲಿನ ಹೊತ್ತಿಗೆ, ಯಾರ್ಡಿನಿಂದ ಇನ್ನೊಂದು ಪರೀಕ್ಷೆಯ ಪುಟಕ್ಕಾಗಿ ಕಾಯುತ್ತ ಕೂತಿದ್ದಾಗ ಫೋನು ಬಂತು. ಎತ್ತಿದರೆ ಯಂತ್ರದ ದನಿಯಲ್ಲ, ಯಾರ್ಡಿನ ಮೇಸ್ತ್ರಿ ಕನಕರಾಜು.

"ರಘು ಸಾರ್, ಕ್ರೇನ್ ಅಗ್ಗ ಸವ್ದೋಗದೆ. ಎಳೆ ಎಳೆ ಬುಟ್ಕಂಡದೆ. ಯಜಮಾನ್ರುಗೆ ಒಂದ್ ಮಾತ್ ಏಳಿ. ಅವ್ರು ಊಂ ಅಂದ್ರೆ ನಿಲ್ಲುಸ್ಬುಡ್ತೀನಿ."

ಆಯಿತು ಹೇಳ್ತೀನಿ, ಈಗ ಲೈನು ಬೇಕು, ಇಡಿ ಅಂದ. ಅಷ್ಟೇ. ನಲವತ್ತೇಳು ಸೆಕೆಂಡು. ಸಂಜೆ ಮೈಸೂರಿನಿಂದ ಬಂದ ಯಜಮಾನರು ಚಪ್ಪಲಿ ಬಿಡುತ್ತಲೇ ನಕ್ಕರು. "ಏನಪ್ಪ ಬಿ.ಎಸ್ಸಿ., ಇವತ್ತಾದ್ರೂ ಪೂರ್ತಿ ಕಾಗದ ಬಂದದಾ, ಇಲ್ಲ ಅರ್ಧ ದಾರೀಲೇ ತೆರಕಣಾಂಬೀಲಿ ಇಳ್ಕಂಡ್ಬುಡ್ತಾ?" ಟೈಪು ಮಾಡುವ ಬಸವಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ರಘುನಾಥ ತಲೆ ತಗ್ಗಿಸಿ ಪೆಟ್ಟಿಗೆಯ ಮಿಣುಕು ದೀಪಗಳನ್ನು ನೋಡುತ್ತ ನಿಂತ. ಆ ಹೊತ್ತಿನಲ್ಲಿ ಹಗ್ಗದ ಮಾತು ಬಂದಿತ್ತು. ಈ ಮನುಷ್ಯನಿಗೆ ಈಗ ಏನನ್ನೂ ಹೇಳಲಾರೆ ಅನ್ನಿಸಿತ್ತು.

ಗುರುವಾರ ಹಗ್ಗ ಕಡಿಯಿತು. ದಿಮ್ಮಿಯ ಕೆಳಗೆ ಸಿಕ್ಕಿದವನು ಹಂಗಳದ ಪುಟ್ಟಮಾದು, ನಲವತ್ತು ತುಂಬದವನು. ಕನಕರಾಜು ಪೊಲೀಸರೆದುರು ಹೇಳಿದ್ದು ಇಷ್ಟು: ಮಂಗಳವಾರವೇ ಆಫೀಸಿಗೆ ತಿಳಿಸಿದ್ದೆ, ನಿಲ್ಲಿಸು ಎಂದು ತಿರುಗಿ ಮಾತು ಬರಲಿಲ್ಲ, ಬುಧವಾರ ಮತ್ತೆ ಮಾಡಿದರೆ ಫೋನಿನ ತುಂಬ ಫ್ಯಾಕ್ಸಿನ ಕಿರುಚು, ಗುರುವಾರ ಲಾರಿ ಬಂದು ನಿಂತಿತು, ಎತ್ತಿಸಿದೆ. ಯಾರ್ಡಿನವರು ತಮ್ಮ ಮೊಬೈಲಿಗೆ ಫೋನು ಮಾಡುವುದು ಯಜಮಾನರಿಗೆ ಆಗುತ್ತಿರಲಿಲ್ಲ, ಏನಿದ್ದರೂ ಆಫೀಸಿಗೆ. ಆಫೀಸಿನಲ್ಲಿ ಯಾರಿಗೆ ಹೇಳಿದೆ ಅಂದಾಗ ಅವನು ರಘುನಾಥನ ಹೆಸರು ಹೇಳಿದ. ರಘುನಾಥ ಅಂಥ ಫೋನು ಬಂದದ್ದು ನೆನಪಿಲ್ಲ ಅಂದ. ಈ 'ನೆನಪಿಲ್ಲ' ಅರ್ಧ ನಿಜವಾಗಬಹುದೇ ಎಂದು ಅವನು ಇನ್ನೂ ತೂಗಿ ನೋಡುತ್ತಲೇ ಇದ್ದ.

ಒಬ್ಬನ ಮಾತಿಗೆ ಇನ್ನೊಬ್ಬನ ಮಾತು. ಹಾಗೇ ಬಿಟ್ಟರೆ ತಕ್ಕಡಿ ಎತ್ತಲಾದರೂ ವಾಲಬಹುದು. ಯಾರೋ ಒಬ್ಬರು ಜೈಲಿಗೆ ಹೋಗಲೇಬೇಕು ಎಂದು ಬಸವಮ್ಮ ಪಿಸುಗುಟ್ಟಿದ್ದು ಅವನ ಕಿವಿಗೆ ಬಿದ್ದಿತ್ತು. ಆಗ ಹೊಳೆದದ್ದು ಒಂದು ಕಾಗದ. ಬಾಯಿಮಾತಿನ ಎದುರು ಒಂದು ಕಾಗದವಿದ್ದರೆ ಸಾಕು.

ಯೋಚಿಸುತ್ತ ಹೋದಂತೆ ದಾರಿ ತಾನಾಗಿ ತೆರೆದುಕೊಂಡಿತು. ಕರೆಗಳ ಪಟ್ಟಿಯನ್ನು ಮುಟ್ಟಬೇಕಾಗಿಯೇ ಇರಲಿಲ್ಲ. ಅಳಿಸಿದರೆ ಅಳಿಸಿದ ಗುರುತು ಉಳಿಯುತ್ತದೆ. ಮಂಗಳವಾರ ಯಾರ್ಡಿನಿಂದ ಆಫೀಸಿಗೆ ಮೂವತ್ತೊಂದು ಕರೆ, ಒಂದರ ಹೊರತು ಎಲ್ಲವೂ ಫ್ಯಾಕ್ಸಿನ ಪರೀಕ್ಷೆ. ಆ ನಲವತ್ತೇಳು ಸೆಕೆಂಡು ಅವುಗಳ ನಡುವೆ ಸದ್ದಿಲ್ಲದೆ ಕೂತಿತ್ತು. ಬುಧವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಇನ್ನೊಂದು ಕರೆಯಿತ್ತು. ಒಂದು ಪುಟ, ಪೂರ್ತಿ ಬಂದ ಮೊಟ್ಟಮೊದಲ ಫ್ಯಾಕ್ಸು. ದಿನಾ ಯಾವುದಾದರೂ ಕಾಗದ ಹಾಕಿ ಎಂದು ಮೊದಲೇ ಹೇಳಿಟ್ಟಿದ್ದಕ್ಕೆ ಕನಕರಾಜು ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು ಯಂತ್ರಕ್ಕೆ ಹಾಕಿದ್ದ. ಆಫೀಸಿನಲ್ಲಿ ರಘುನಾಥನ ಹೊರತು ಅದನ್ನು ನೋಡಿದವರಿಲ್ಲ. ಆ ಹಾಳೆಯ ಜಾಗದಲ್ಲಿ ಬೇರೊಂದು ಹಾಳೆ ಇಟ್ಟರೆ ಯಂತ್ರ, ಪಟ್ಟಿ, ಗಡಿಯಾರ ಮೂರೂ ಅವನ ಪರವಾಗಿ ಸಾಕ್ಷಿ ನುಡಿಯುತ್ತವೆ. ಅವು ಸುಳ್ಳು ಹೇಳುವುದೂ ಇಲ್ಲ. ಅಂದು ಆ ಹೊತ್ತಿಗೆ ಗುಂಡ್ಲುಪೇಟೆಯಿಂದ ಒಂದು ಪುಟ ಬಂದದ್ದು ನಿಜವೇ ತಾನೆ?

ಭಾನುವಾರ ಆಫೀಸಿಗೆ ರಜ. ಮಧ್ಯಾಹ್ನ ಬೀಗ ತೆಗೆದು ಒಳಗೆ ಹೋದ. ಕಿಟಕಿಯಾಚೆ ಬಿಸಿಲು, ದೂರದಲ್ಲೊಂದು ಟ್ರಾಕ್ಟರಿನ ಸದ್ದು. ಮೊದಲು ಮೇಜಿನ ಖಾನೆಯಿಂದ ಆ ಕ್ಯಾಲೆಂಡರಿನ ಹಾಳೆ ತೆಗೆದು ಸಣ್ಣಗೆ ಹರಿದ. ಎರಡು ವಾರದ ದುಡಿಮೆಯಲ್ಲಿ ಗೆದ್ದದ್ದು ಅದೊಂದೇ.

ಆಮೇಲೆ ಬರೆಯಲು ಕೂತ. ಯಾರ್ಡಿನಿಂದ ಬರುತ್ತಿದ್ದ ಫಾರಮ್ಮುಗಳಲ್ಲಿ ಕಲ್ಲಿನ ಅಳತೆ, ಲಾರಿಯ ನಂಬರು, ಕೆಳಗೆ ಕನಕರಾಜುವಿನ ಇಂಗ್ಲಿಷ್ ರುಜು, ಇಷ್ಟೇ ಇರುತ್ತಿತ್ತು. ರುಜುವನ್ನು ಒಂದು ಹಳೆಯ ಫಾರಮ್ಮಿನಿಂದ ಕತ್ತರಿಸಿ ಅಂಟಿಸಿದ. ಫ್ಯಾಕ್ಸಿನಲ್ಲಿ ಅಂಟಿಸಿದ ಅಂಚು ಕಾಣುವುದಿಲ್ಲ. ಮೇಲಿನ ಬರಹಕ್ಕೆ ಹೋಲಿಸಿ ನೋಡಲು ಯಾರ ಬಳಿಯೂ ಏನೂ ಇರಲಿಲ್ಲ, ಅದು ಇನ್ನೂ ಒಳ್ಳೆಯದಾಯಿತು. ದಪ್ಪ ದಪ್ಪ ಅಕ್ಷರದಲ್ಲಿ, ಪೆನ್ನು ಒತ್ತಿ, ಕೂಲಿಗೆ ಸೇರುವ ಮೊದಲು ಮೂರೋ ನಾಲ್ಕೋ ಕ್ಲಾಸು ಓದಿದವನು ಬರೆಯುವ ಹಾಗೆ ಬರೆದ: 'ಕ್ರೇನ್ ಅಗ್ಗ ನಾನೇ ನೋಡಿವ್ನಿ. ಚೆನ್ನಾಗದೆ. ಈ ತಿಂಗಳು ಬದಲಾಯ್ಸದು ಬ್ಯಾಡ. ಕೆಲಸ ನಡೀತದೆ.'

ಆ 'ಅಗ್ಗ'ದ ಬಗ್ಗೆ ಅವನಿಗೆ ಹೆಮ್ಮೆಯಾಯಿತು. ಬೇರೆ ಯಾರಾದರೂ ಆಗಿದ್ದರೆ ಹಗ್ಗ ಎಂದು ತಿದ್ದಿ ಬರೆದು ಸಿಕ್ಕಿಬೀಳುತ್ತಿದ್ದರು. ಅವನೂ ಹಾಗೆ ಮಾತಾಡಿಯೇ ಬೆಳೆದವನು. ಕಾಲೇಜಿನ ಮೊದಲ ವರ್ಷ, ಹಾಲನ್ನು ಆಲು ಅಂದದ್ದಕ್ಕೆ ಇಡೀ ಬೆಂಚು ನಕ್ಕ ಮೇಲೆ, ಒಬ್ಬನೇ ಕೆರೆ ಏರಿಯ ಮೇಲೆ ನಡೆಯುತ್ತ 'ಹ' ಅನ್ನುವುದನ್ನು ಉಸಿರು ಹಿಡಿದು ಕಲಿತಿದ್ದ. ಈಗ ಅದನ್ನು ಬೇಕೆಂದೇ ಬಿಟ್ಟು ಬರೆದ. ಕಾಗದದಲ್ಲಿ ಮೂಡುತ್ತಿದ್ದ ಮಾತು ಕನಕರಾಜುವಿನದೋ, ಸತ್ತ ತನ್ನ ಅಪ್ಪನದೋ ತಿಳಿಯಲಿಲ್ಲ.

ಮೂಲೆಗೆ ಬಿದ್ದಿದ್ದ ಹಳೆಯ ಫ್ಯಾಕ್ಸ್ ಯಂತ್ರವನ್ನು ಒರೆಸಿ ಮೇಜಿನ ಮೇಲಿಟ್ಟ. ಅದರ ಗಡಿಯಾರವನ್ನು ಬುಧವಾರಕ್ಕೆ, ಜೂನ್ ಹನ್ನೊಂದಕ್ಕೆ, ಹತ್ತು ಗಂಟೆ ಹತ್ತು ನಿಮಿಷಕ್ಕೆ ತಿರುಗಿಸಿದ. ಕಳಿಸುವವರ ನಂಬರಿನ ಜಾಗದಲ್ಲಿ 08229ರಿಂದ ಶುರುವಾಗುವ ಯಾರ್ಡಿನ ನಂಬರು ಒತ್ತಿದ. ಅದನ್ನು ಪೆಟ್ಟಿಗೆಯ ಖಾಲಿ ತೂತಿಗೆ ಸೇರಿಸಿ ಆಫೀಸಿನ ಯಂತ್ರಕ್ಕೆ ಕಳಿಸಿದ. ಇಂದಿನ ಆ ಒಂದು ಕರೆ ಮಾತ್ರ ಪಟ್ಟಿಯಲ್ಲಿ ಕೂರದಂತೆ ಮೊದಲೇ ನೋಡಿಕೊಂಡಿದ್ದ.

ಒಂದೇ ಮೇಜಿನ ಮೇಲೆ ಎರಡು ಯಂತ್ರ. ಒಂದು ಕಿರುಚಿತು, ಇನ್ನೊಂದು ಕಿರುಚಿ ಉತ್ತರ ಕೊಟ್ಟಿತು. ಆಮೇಲೆ ಎರಡೂ ಒಟ್ಟಿಗೆ ಗೊರಗೊರ ಎನ್ನತೊಡಗಿದವು. ಈ ಸದ್ದನ್ನು ಎರಡು ವಾರದಿಂದ ಕೇಳಿದ್ದ. ಇವತ್ತು ಅದರ ನಡುವೆ, ಕಳೆದುಹೋದ ತುಂಡುಗಳಿದ್ದ ಜಾಗದಲ್ಲಿ, ಯಾರೋ 'ಎಳೆ ಎಳೆ ಬುಟ್ಕಂಡದೆ' ಅಂದ ಹಾಗಾಯಿತು. ಕಿವಿ ತಾನೇ ತುಂಬಿಕೊಳ್ಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ತಂತಿ ಕೀಳಬೇಕೆನ್ನಿಸಿತು. ಪುಟ ಹೊರಬಂತು. ನೆತ್ತಿಯ ಮೇಲೆ ತಾರೀಖು, ಹೊತ್ತು, ಗುಂಡ್ಲುಪೇಟೆಯ ನಂಬರು. ಒಂದು ಗೆರೆಯೂ ತಪ್ಪಿರಲಿಲ್ಲ.

ಸೋಮವಾರ ಅದನ್ನು ಫೈಲಿನಲ್ಲಿ ಸೇರಿಸಿಟ್ಟ, ತಾನಾಗಿ ತೋರಿಸಲಿಲ್ಲ. ಹಳೆಯ ಕಾಗದವೇನಾದರೂ ಇದೆಯೇ ನೋಡಮ್ಮ ಎಂದು ಬಸವಮ್ಮನಿಗೆ ಹೇಳಿ ಅವಳೇ ಹುಡುಕಿ ತೆಗೆಯುವಂತೆ ಮಾಡಿದ. ಯಜಮಾನರು ಓದಿ ಬೆವರು ಒರೆಸಿಕೊಂಡರು. ಅವರಿಗೂ ಆ ಕಾಗದ ಬೇಕಾಗಿತ್ತು.

ಮಂಗಳವಾರ ಪೊಲೀಸರ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಪುಟ್ಟಮಾದುವಿನ ಹೆಂಡತಿ ನಾಗಮಣಿ ಬಂದು ಆಫೀಸಿನ ಜಗಲಿಯಲ್ಲಿ ಕೂತಿದ್ದಳು. ಯಜಮಾನರು ಬರುವುದು ತಡವಾಯಿತು. ರಘುನಾಥ ನೀರು ಕೊಟ್ಟ. ಅವಳು ಲೋಟ ಹಿಡಿದುಕೊಂಡು ಕುಡಿಯದೆ ಕೂತಳು.

"ಅವತ್ತು ಬುತ್ತಿ ಕಟ್ಕಂಡೋಗಿರ್ಲಿಲ್ಲ ಸಾರ್. ಮದ್ಯಾನ್ಕೆ ಬಂದ್ಬುಡ್ತೀನಿ ಕಣಮ್ಮಿ ಅಂದ್ರು." ಲೋಟವನ್ನು ಕೆಳಗಿಟ್ಟು ಕೇಳಿದಳು, "ಅಷ್ಟು ಜನ ಇದ್ರಲ್ಲ, ಅಗ್ಗವ ಯಾರೂ ನೋಡ್ನಿಲ್ವಾ?"

ಅವನು ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತ. ಮನೆಯಲ್ಲಿ ಹೆಂಡತಿ ರಮ್ಯ, ಇದೇನು ಯಾರೋ ಕರೆದ ಹಾಗೆ ದಿಗ್ಗನೆ ಎದ್ದು ಕೂತ್ಕೊಳ್ತೀರಿ ಎಂದು ಬೆಳಿಗ್ಗೆಯಷ್ಟೇ ಕೇಳಿದ್ದಳು. ಇನ್ನೊಂದು ದಿನ, ಅಂದುಕೊಂಡ. ನಾಳೆ ಪೊಲೀಸರು ಬಂದು ಹೋದರೆ ಮುಗಿಯಿತು.

ಬುಧವಾರ ಗುಂಡ್ಲುಪೇಟೆಯಿಂದ ಸಬ್ ಇನ್‌ಸ್ಪೆಕ್ಟರ್ ಬಂದರು. ಕರೆಗಳ ಪಟ್ಟಿ ನೋಡಿದರು, ಫ್ಯಾಕ್ಸಿನ ನೆತ್ತಿಯ ಹೊತ್ತು ನೋಡಿದರು, ಎರಡನ್ನೂ ಬೆರಳಿನಿಂದ ತಾಳೆ ಹಾಕಿದರು. ಕನಕರಾಜುವನ್ನು ಒಳಗೆ ಕರೆಸಿದರು. ಅವನು ವಾರದಲ್ಲೇ ಇಳಿದುಹೋಗಿದ್ದ. ಕಳೆದ ಬುಧವಾರ ಬೆಳಿಗ್ಗೆ ಫ್ಯಾಕ್ಸ್ ಕಳಿಸಿದ್ದು ಹೌದೋ ಅಲ್ಲವೋ ಅಂದರೆ ಹೌದು ಅಂದ. ರುಜು ನಿನ್ನದೇನಯ್ಯ ಅಂದರೆ ನಂದೇ ಅಂದ. ಕಾಗದವನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಸುಮ್ಮನೆ ನಿಂತ. ಆ ಮೌನವನ್ನು ರಘುನಾಥ ಸೋಲು ಎಂದುಕೊಂಡ. ಏಳು ದಿನದಲ್ಲಿ ಮೊದಲ ಸಲ ಅವನ ಉಸಿರು ಪೂರ್ತಿ ಒಳಗೆ ಹೋಯಿತು.

"ನಾ ಕಳ್ಸಿದ್ದು ಕ್ಯಾಲೆಂಡ್ರು ಆಳೆ. ಇದ್ರಲ್ಲಿ ಏನ್ ಬರದದೆ ಅಂತ ಓದಿ ಏಳಿ ಸಾರ್," ಅಂದ ಕನಕರಾಜು. ನೀನು ಬರೆದದ್ದನ್ನು ನಾನು ಓದಿ ಹೇಳಬೇಕೇನಯ್ಯ ಎಂದು ಸಬ್ ಇನ್‌ಸ್ಪೆಕ್ಟರ್ ಗದರಿದರು. ಅವನು ಯಾರ ಮುಖವನ್ನೂ ನೋಡದೆ, ಸಾವಿನ ಆಪಾದನೆಗಿಂತ ದೊಡ್ಡ ನಾಚಿಕೆಯೊಂದನ್ನು ಹೊರಹಾಕುವವನ ಹಾಗೆ ನೆಲಕ್ಕೆ ಹೇಳಿದ: "ನಮ್ಮೂರು ಗಡಿ ಆಚೆ, ತಾಳವಾಡಿ ತಾವ. ಮನೇಲಿ ಆಡದು ಕನ್ನಡ, ಇಸ್ಕೂಲಲ್ಲಿ ಕಲ್ತಿದ್ದು ತಮಿಳು. ಕನ್ನಡದಲ್ಲಿ ಒಂದಕ್ಷರ ಬರಿಯಕ್ಕೂ ಬರಲ್ಲ, ಓದಕ್ಕೂ ಬರಲ್ಲ. ಬಂದಿದ್ರೆ ಮಂಗಳವಾರ ಫೋನ್ಯಾಕ್ ಮಾಡ್ತಿದ್ದೆ ಸಾರ್, ಚೀಟೀನೇ ಬರ್ದು ಕಳುಸ್ತಿದ್ದೆ." ಸಬ್ ಇನ್‌ಸ್ಪೆಕ್ಟರ್ ಕಾಗದವನ್ನು ಮತ್ತೊಮ್ಮೆ ನೋಡಿದರು. ಗುಂಡ್ಲುಪೇಟೆಯ ನಂಬರು ಹಾಕಿ ಬೇರೆ ಕಡೆಯಿಂದ ಫ್ಯಾಕ್ಸ್ ತರಿಸಲು ಇಲ್ಲಿ ಯಾರಿಗೆ ಬರುತ್ತದೆ ಎಂದು ಕೇಳಿದರು. ಯಜಮಾನರು ತಿರುಗಿ ರಘುನಾಥನನ್ನು ನೋಡಿದರು. ಬಸವಮ್ಮನೂ ನೋಡಿದಳು. ಅವನು ಆ ಕಾಗದದ ವಿಷಯ ಒಪ್ಪಿಕೊಂಡ, ಯಂತ್ರ, ಗಡಿಯಾರ, ಅಂಟಿಸಿದ ರುಜು ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಹೇಳಿದ. ಹಗ್ಗ ಸವೆದಿದೆ ಎಂದು ಕನಕರಾಜು ಮಂಗಳವಾರ ತನಗೆ ಹೇಳಿದ್ದ ಎಂಬ ಒಂದು ಮಾತನ್ನು ಮಾತ್ರ ಅವನು ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.