ಹರಿಗೋಲಿನ ತಳದ ನೀರು

"ಅಪ್ಪಾ, ಅಲ್ಲಿ ಕವುಚಬ್ಯಾಡ! ನಿಲ್ಲಪ್ಪಾ!"

ಯಂಕಿ ದಂಡೆಯ ಮೇಲಿಂದ ಗಂಟಲು ಹರಿಯುವಂತೆ ಕೂಗಿದಳು. ಅಷ್ಟರಲ್ಲಿ ಅಪ್ಪ ಮೂಕಪ್ಪ ಹರಿಗೋಲನ್ನು ಎತ್ತಿ ವಾಲಿಸಿಯೇಬಿಟ್ಟಿದ್ದ. ತಳದಲ್ಲಿ ನಿಂತಿದ್ದ ನೀರೆಲ್ಲ ಹೊಳೆಗೆ ಸುರಿಯಿತು.

ಮೂಕಪ್ಪ ದಿನಾ ಬೆಳಿಗ್ಗೆ ಮಾಡುತ್ತಿದ್ದುದೂ ಹೀಗೆಯೇ. ಆಚೆ ದಂಡೆಯ ಜನರನ್ನು ಇಳಿಸಿದ ಮೇಲೆ, ಚರ್ಮ ನೆನೆದು ಕೊಳೆಯದಿರಲಿ ಎಂದು ಹರಿಗೋಲನ್ನು ಕವುಚಿ ಒಣಗಿಸುವುದು ಅಂಬಿಗರ ವಾಡಿಕೆ. ಕುರಿ ಹಿಕ್ಕೆ, ಗೊಬ್ಬರದ ಪುಡಿ, ಸೀಮೆಎಣ್ಣೆ, ತಳದಲ್ಲಿ ಏನೇ ಇರಲಿ, ಎಲ್ಲ ತುಂಗಭದ್ರೆಯ ಪಾಲು.

ಇವತ್ತಿನ ನೀರು ಮಾತ್ರ ಹಾಲಿನಂತೆ ಬೆಳ್ಳಗಿತ್ತು. ವಾಸನೆ ಮೂಗು ಸುಡುತ್ತಿತ್ತು.

"ಎರ್ರಣ್ಣ ಗೌಡ್ರ ಎಂಡ್ರಿನ್ ಡಬ್ಬಿ ಸೋರಾಕತ್ತಿತ್ತಪ್ಪ! ಭತ್ತದ ಹುಳ ಸಾಯೋ ಔಷಧ ಅದು! ಇಳಿಸೋವಾಗ ನಾನ ನೋಡೀನಿ."

"ಇರ್ಲಿ ಬಿಡವ್ವ. ಇಷ್ಟು ದೊಡ್ಡ ಹೊಳಿ. ಎಲ್ಲಾ ಕೊಚ್ಕೊಂಡು ಹೋಗ್ತೈತಿ."

ಎಲ್ಲಿಯ ದೊಡ್ಡ ಹೊಳೆ! ಶಿವರಾತ್ರಿ ಕಳೆದು ಆಗಲೇ ಬಿಸಿಲು ಏರಿತ್ತು. ಬಂಡೆಗಳ ನಡುವೆ ನೀರು ಮಡುಗಟ್ಟಿ ನಿಂತಿತ್ತು. ಸಿರುಗುಪ್ಪ ತಾಲೂಕಿನ ಆ ಊರಿಗೆ ಕುಡಿಯಲು ಇದ್ದದ್ದು ಅದೇ ಮಡು.

ಅಪ್ಪ ಮಗಳು ವಾದಿಸುತ್ತಿರುವಾಗಲೇ ಬಂಡೆಯ ಆಚೆ ಗುರುಬಸಮ್ಮ ಎರಡು ಕೊಡ ತುಂಬಿಕೊಂಡು ಹೊರಟುಹೋದಳು. ಶಾಲೆಯ ಹಂಡೆಗೆ ನೀರು ತುಂಬುವವಳು ಅವಳು.

ಆಮೇಲೆ ಮೀನುಗಳು ಕಂಡವು. ಬೆರಳುದ್ದದ ಮರಿಗಳು. ಮೇಲೆ ಬಂದು ಒದ್ದಾಡಿ ಹೊಟ್ಟೆ ಮೇಲೆ ಮಾಡಿಕೊಂಡವು. ಒಂದಲ್ಲ, ಎರಡಲ್ಲ.

ಮೂಕಪ್ಪನ ಮುಖ ಬಿಳಿಚಿತು. "ಯಂಕಿ, ಬಾಯಿ ಬಿಡಬ್ಯಾಡ. ಗೊತ್ತಾದ್ರ ಜನ ದಾಟಿಸೋ ಈ ಕಡವಿನಿಂದ ನನ್ನ ಓಡಿಸ್ತಾರ. ನಮ್ಮ ಹೊಟ್ಟಿಗೆ ಏನು ಮಾಡೋದು?"

ಯಂಕಿಗೆ ಮೈಯೆಲ್ಲ ಉರಿಯಿತು. ಮೀನು ಸಾಯುತ್ತಿವೆ, ನೀರು ಶಾಲೆಗೆ ಹೋಗಿದೆ, ಈ ಅಪ್ಪನಿಗೆ ಕಡವಿನ ಚಿಂತೆ! ಅವಳು ಹೆಗಲಲ್ಲಿದ್ದ ಪಾಟಿಚೀಲವನ್ನು ಅಲ್ಲೇ ಒಗೆದು ಶಾಲೆಯ ಕಡೆ ಓಡಿದಳು.

ಪ್ರಾರ್ಥನೆ ಮುಗಿದಿತ್ತು. ಹಂಡೆಯ ಮುಂದೆ ಒಂದನೇ ಕ್ಲಾಸಿನ ಮಕ್ಕಳು ಸಾಲಾಗಿ ನಿಂತಿದ್ದವು. ಮುಂದಿದ್ದ ಹುಡುಗನ ಲೋಟ ಇನ್ನೇನು ತುಟಿಗೆ ತಾಗಬೇಕು, ಯಂಕಿ ಅದನ್ನು ಹೊಡೆದು ಬೀಳಿಸಿದಳು. ಹಂಡೆಗೆ ಎರಡೂ ಕೈ ಕೊಟ್ಟು ನೂಕಿದಳು. ವರಾಂಡದ ತುಂಬ ನೀರು. ಹುಡುಗ ಹೋ ಎಂದು ಅಳತೊಡಗಿದ.

"ಹುಚ್ಚು ಹಿಡದೈತೇನು ನಿನಗ?" ಸುಂಕಣ್ಣ ಮೇಷ್ಟ್ರು ಬೆತ್ತ ಹಿಡಿದೇ ಬಂದರು.

"ವಿಷ ಐತಿ ಸಾರ್! ಮಡುವಿನ್ಯಾಗ ಎಂಡ್ರಿನ್ ಬಿದ್ದೈತಿ. ಮೀನು ಸಾಯಾಕತ್ತಾವ!"

ಮೇಷ್ಟ್ರ ಬೆತ್ತ ಕೆಳಗಿಳಿಯಿತು. "ಯಾರು ಚೆಲ್ಲಿದ್ದು?"

ಯಂಕಿ ಹಲ್ಲು ಕಚ್ಚಿದಳು. ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ನಾಳೆ ಅಪ್ಪ ಮತ್ತೆ ಅಲ್ಲೇ ಕವುಚುತ್ತಾನೆ, ನಾಡಿದ್ದೂ ಕವುಚುತ್ತಾನೆ.

"ನಮ್ಮಪ್ಪ," ಎಂದಳು. ಸಿಟ್ಟಿಗೋ ದುಃಖಕ್ಕೋ, ಕಣ್ಣಲ್ಲಿ ನೀರು ಬಂತು.

ಮೇಷ್ಟ್ರು ಆಗಲೇ ದೊಡ್ಡ ಹುಡುಗರನ್ನು ಬೀದಿ ಬೀದಿಗೆ ಓಡಿಸಿ, ತುಂಬಿದ ಕೊಡಗಳನ್ನೆಲ್ಲ ಚೆಲ್ಲಿಸಿದರು. ದೂರವಾದರೂ ಹೊಳೆಯ ಮೇಲ್ಭಾಗದ ಮಡುವಿನಿಂದಲೇ ನೀರು ತರಬೇಕೆಂದು ಸಾರಿಸಿದರು. ಸಂಜೆ ಕಟ್ಟೆಯ ಮುಂದೆ ಊರು ಸೇರಿತು. ಮೂಕಪ್ಪ ಕೈಮುಗಿದು ನಿಂತ. ಎರ್ರಣ್ಣ ಗೌಡರು ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಸೋರಿದ ಡಬ್ಬಿಯ ಮಾತನ್ನು ಯಾರಾದರೂ ಎತ್ತಬೇಕಲ್ಲ! ಒಬ್ಬರೂ ಎತ್ತಲಿಲ್ಲ.

"ಡಬ್ಬಿ ಯಾರದು ಅಂತ ಕೇಳ್ರಿ!" ಯಂಕಿ ಕೂಗಿದಳು.

"ಏ ಹುಡುಗಿ, ದೊಡ್ಡೋರ ನಡುವೆ ಮಾತಾಡಬ್ಯಾಡ," ಎಂದು ಯಾರೋ ಗದರಿದರು. ಗೌಡರು ಎಲೆ ಮಡಚಿ ಬಾಯಿಗೆ ಹಾಕಿಕೊಂಡರು.

ಕೊನೆಗೆ ಊರು ಒಂದು ಕಟ್ಟಳೆ ಮಾಡಿತು. ಹರಿಗೋಲನ್ನು ನೀರು ತುಂಬುವಲ್ಲಿ ಕವುಚುವ ಹಾಗಿಲ್ಲ, ಎರಡು ಫರ್ಲಾಂಗು ಕೆಳಗೆ ಮರಳು ದಿಬ್ಬದ ಹತ್ತಿರ ಒಯ್ದು ಕವುಚಬೇಕು. ತಪ್ಪಿದರೆ ಕಡವು ಬೇರೆಯವರಿಗೆ.

ಮನೆಯಲ್ಲಿ ಅಪ್ಪ ಬೈಯಲಿಲ್ಲ. ಬೈದಿದ್ದರೆ ಯಂಕಿ ತಿರುಗಿ ಒಂದಕ್ಕೆರಡು ಆಡುತ್ತಿದ್ದಳು. ಇಬ್ಬರೂ ಮುಖ ತಿರುಗಿಸಿ ರೊಟ್ಟಿ ತಿಂದರು.

ಮರುದಿನ ಬೆಳಿಗ್ಗೆ ಜನರನ್ನು ಇಳಿಸಿದ ಮೇಲೆ ಮೂಕಪ್ಪ ಮೊಣಕಾಲುದ್ದದ ನೀರಿನಲ್ಲಿ ಹರಿಗೋಲನ್ನು ದಂಡೆಗುಂಟ ಎಳೆಯುತ್ತ ಹೊರಟ. ನೆನೆದ ಚರ್ಮ, ಡಾಂಬರು, ಬಿದಿರು, ಎಲ್ಲ ಸೇರಿ ಒಬ್ಬನಿಗೆ ಆಗುವ ಭಾರವಲ್ಲ ಅದು. ಯಂಕಿ ದಂಡೆಯ ಮೇಲೆ ದೂರದಿಂದ ಹಿಂಬಾಲಿಸಿದಳು. ಅವಳ ಸಿಟ್ಟು ಇಳಿದಿರಲಿಲ್ಲ. ಕಟ್ಟಳೆಯಂತೆ ಮಾಡುತ್ತಾನೋ ಇಲ್ಲವೋ ನೋಡಲೆಂದೇ ಬಂದಿದ್ದಳು.

ಮರಳು ದಿಬ್ಬ ಬಂತು. ಅಪ್ಪ ಏದುಸಿರು ಬಿಡುತ್ತ ಹರಿಗೋಲಿನ ಅಂಚಿಗೆ ಕೈ ಹಾಕಿದ. ಚರ್ಮ ಹೀರಿದ್ದ ಔಷಧ ಬಿಟ್ಟುಕೊಂಡು, ತಳದಲ್ಲಿ ಹೊಸದಾಗಿ ನಿಂತ ನೀರೂ ತೆಳ್ಳಗೆ ಬೆಳ್ಳಗಿತ್ತು.

ಯಂಕಿ ಹೊಳೆ ಹರಿಯುವ ಕಡೆ ನೋಡಿದಳು.

"ಇಲ್ಲಿಂದ ಕೆಳಗ ಯಾವ ಊರು ಐತಪ್ಪ?"

"ನಿಮ್ಮ ಸೋದರತ್ತಿ ಊರು."

"ಅವರಿಗೂ ಇದ ನೀರೇನು?"

ಅಂಚು ಹಿಡಿದ ಅಪ್ಪನ ಕೈ ಹಾಗೇ ನಿಂತಿತು. ಅವನು ಕೈ ಬಿಟ್ಟು, ಹರಿಗೋಲಿನಲ್ಲಿದ್ದ ನೀರು ಮೊಗೆಯುವ ತಗಡಿನ ಡಬ್ಬಿ ಹುಡುಕಿ ತೆಗೆದ. ತಳದ ನೀರನ್ನು ಮೊಗೆದು ದಂಡೆ ಹತ್ತಿದ. ಜಾಲಿ ಗಿಡಗಳ ಆಚೆ, ಹೊಳೆಯಿಂದ ದೂರ ಒಂದು ಒಣ ಗುಂಡಿಯಿತ್ತು. ಅದರಲ್ಲಿ ಸುರಿದು ಮತ್ತೆ ಇಳಿದು ಬಂದ.

ಕಟ್ಟಳೆಯಲ್ಲಿ ಇದು ಇರಲಿಲ್ಲ. ಅತ್ತೆಯ ಊರಿನವರು ಕಟ್ಟೆಯ ಮುಂದೆ ಇರಲಿಲ್ಲವಲ್ಲ.

ಐದನೇ ಸಲ ದಂಡೆ ಹತ್ತುವಾಗ ಅಪ್ಪನ ಕಾಲು ಜಾರಿತು. ಯಂಕಿ ಎದುರು ಹೋಗಿ ಡಬ್ಬಿಗೆ ಕೈಯೊಡ್ಡಿದಳು.

"ಬ್ಯಾಡ, ಕೈಗೆ ತಾಗ್ತೈತಿ. ಸಾಲಿಗೆ ಹೊತ್ತಾತು, ಹೋಗು."

ಅವಳು ಹೋಗಲಿಲ್ಲ. ಗುಂಡಿಯ ಪಕ್ಕ ಕುಳಿತು, ಅಪ್ಪ ಸುರಿದು ಹೋದಾಗಲೆಲ್ಲ ಕಾಲಿನಿಂದ ಒಣ ಮಣ್ಣು ನೂಕಿ ಮುಚ್ಚತೊಡಗಿದಳು.