ಕಲಂ ಹತ್ತರ ಕಡತ

ಬುಧವಾರ ಬೆಳಿಗ್ಗೆ 10.40. ಹೊಸಕಟ್ಟೆ ಪಟ್ಟಣ ಪಂಚಾಯ್ತಿಯ ಮುಖ್ಯಾಧಿಕಾರಿ ನಿಂಗರಾಜು ಠಾಣೆಗೆ ಬಂದು ದೂರು ಕೊಟ್ಟರು. ನಾಲೆ ಏರಿಯ ಒತ್ತುವರಿ ತೆರವಿನ ಉಪವಿಧಿ, ಸದಸ್ಯರೆಲ್ಲ ಸಹಿ ಹಾಕಿದ ಒಂದೇ ಒಂದು ಕರಡು, ಬೀರುವಿನಿಂದ ಕಳುವಾಗಿದೆ. ಸಂಜೆ ಐದರೊಳಗೆ ಅದು ಜಿಲ್ಲಾಧಿಕಾರಿ ಕಚೇರಿ ತಲುಪಬೇಕು.

ಇನ್ಸ್‌ಪೆಕ್ಟರ್ ಕರಿಯಯ್ಯ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ರಂಜಿತಳೊಂದಿಗೆ ಸ್ಥಳಕ್ಕೆ ಹೋದರು. ಬೀಗ ಮುರಿದಿರಲಿಲ್ಲ. ಪಂಚನಾಮೆ ಮುಗಿಯುವ ಹೊತ್ತಿಗೆ, ಬಾಗಿಲ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದ ವಹಿಯೊಂದು ರಂಜಿತಳ ಕಣ್ಣಿಗೆ ಬಿತ್ತು. ಯಾವ ಕಡತವನ್ನು ಯಾರು ಒಯ್ದರೆಂದು ಬರೆಯುವ ಪುಸ್ತಕ. ಮುಖ್ಯಾಧಿಕಾರಿ ಸಾಹೇಬರು ಅದನ್ನು ಮುಟ್ಟಿ ವರ್ಷಗಳಾಗಿದ್ದವು. ಕೊನೆಯ ಸಾಲು ದುಂಡಗಿನ ಅಕ್ಷರದಲ್ಲಿ ಹೇಳುತ್ತಿತ್ತು: ‘ಉಪವಿಧಿ ಕರಡು. ಮಂಗಳವಾರ ಸಂಜೆ 5.10. ಒಯ್ದವರು ಚಿಕ್ಕಬೋರಮ್ಮ. ಕಾರಣ, ತಪ್ಪು ತಿದ್ದಬೇಕಾಗಿದೆ.’

ಚಿಕ್ಕಬೋರಮ್ಮ ಆ ಕಚೇರಿಯ ಅಟೆಂಡರ್. ಇಪ್ಪತ್ತೆರಡು ವರ್ಷದಿಂದ ಕಸ ಗುಡಿಸಿ, ಕಡತ ಹೊತ್ತವಳು. ಸಹಿ ಹಾಕಿ ಕದ್ದ ಕಳ್ಳ ಕರಿಯಯ್ಯನವರ ನೌಕರಿಯಲ್ಲಿ ಅದುವರೆಗೆ ಸಿಕ್ಕಿರಲಿಲ್ಲ.

12.25ಕ್ಕೆ ಜೀಪು ಅವಳ ಊರು ಅಕ್ಕಿಹೆಬ್ಬಾಳು ಸೇರಿತು. ಹಸುವಿಗೆ ಹುಲ್ಲು ಕತ್ತರಿಸುತ್ತಿದ್ದವಳು ಕೈ ತೊಳೆದು, ಅಕ್ಕಿ ಡ್ರಮ್ಮಿನೊಳಗಿಂದ ಕಡತ ತಂದಿಟ್ಟಳು.

“ಇದು ಓಗಿದ್ರೆ ನಲವತ್ತೊಂದ್ ಮನೆ ಓಗ್ತಿದ್ವು ಸಾ.”

ಹಾಳೆ ತಿರುವಿ ತೋರಿಸಿದಳು. ಹಕ್ಕುಪತ್ರವಿರುವ ಹಳೇ ಮನೆಗಳು ಮೊದಲ ಕರಡಿನ ಕಲಂ ಒಂಬತ್ತರಲ್ಲಿದ್ದವು. ‘ಕಲಂ ಒಂಬತ್ತರಲ್ಲಿ ಹೇಳಿದ್ದನ್ನು ಬಿಟ್ಟು’ ಉಳಿದುದೆಲ್ಲ ಕೆಡವಬಹುದು ಎನ್ನುವುದು ಈಗಿನ ಕಲಂ ಹದಿನಾಲ್ಕು. ಹೋದ ತಿಂಗಳು ಎಮ್ಮೆ ತೊಳೆಯುವ ಕಟ್ಟೆಯ ಬಗ್ಗೆ ಹೊಸ ಕಲಂ ನಡುವೆ ತುರುಕಿದಾಗ ಅದು ಒಂಬತ್ತಾಗಿ, ಹಳೇ ಒಂಬತ್ತು ಹತ್ತಾಯಿತು. ಹದಿನಾಲ್ಕರಲ್ಲಿದ್ದ ಒಂಬತ್ತು ಮಾತ್ರ ಹಾಗೇ ಉಳಿಯಿತು. ಈಗ ಕಾನೂನು ಕಾಪಾಡುತ್ತಿದ್ದುದು ಎಮ್ಮೆ ಕಟ್ಟೆಯನ್ನು.

ಕರಿಯಯ್ಯ ಮೂರು ಸಲ ಓದಿದರು. ಅಷ್ಟೂ ಜನ ಸಹಿ ಹಾಕಿದ್ದರು, ಒಬ್ಬನಾದರೂ ಓದಿರಲಿಲ್ಲ.

“ಸಾಹೇಬ್ರಿಗೆ ಹೇಳ್ಬೇಕಿತ್ತು.”

“ಏಳ್ದೆ. ಏಳ್ನೇ ಕ್ಲಾಸ್‌ನೋಳು ಕಾನೂನು ತಿದ್ತೀಯಾ, ಪೊರಕೆ ಇಡ್ಕೊ ಓಗು ಅಂದ್ರು.”

“ನಿಮ್ಮ ಮನೆಯೂ ಆ ಏರಿ ಮೇಲಿದ್ಯಾ?”

“ಇಲ್ಲ ಸಾ. ನಮ್ದು ಇದೇಯ.”

“ಕದ್ದೋಳು ಬುಕ್ಕಲ್ಲಿ ಯಾಕಮ್ಮ ಬರ್ದೆ?”

“ಬರೀದೆ ತಂದ್ರೆ ಕಳ್ತನ ಆಗ್ಬುಡ್ತದಲ್ಲ ಸಾ.”

ರಂಜಿತ ಮುಖ ಆಚೆ ತಿರುಗಿಸಿಕೊಂಡಳು.

ಒಂದು ಗಂಟೆಗೆ ಬಂಧನವಾಯಿತು. ತಪ್ಪಿನ ವಿಷಯ ಕಾಗದಕ್ಕೆ ಬರುವುದು ಬೇಡ ಎಂದು ನಿಂಗರಾಜು ಎರಡು ಸಲ ಫೋನು ಮಾಡಿದರು. ಕರಿಯಯ್ಯ ಜಪ್ತಿ ಪಂಚನಾಮೆಯನ್ನು ಪೂರ್ತಿ ಎರಡು ಪುಟ ಬರೆಸಿದರು. ಕಲಂ ಒಂಬತ್ತು, ಹತ್ತು, ಹದಿನಾಲ್ಕು, ನಲವತ್ತೊಂದು ಮನೆ, ಅಂಚಿನಲ್ಲಿ ಅವಳು ಪೆನ್ಸಿಲಿನಲ್ಲಿ ಹಾಕಿದ್ದ ಗುರುತು, ಒಂದನ್ನೂ ಬಿಡಲಿಲ್ಲ. ಅದರ ನಕಲು 4.35ಕ್ಕೆ ಜಿಲ್ಲಾಧಿಕಾರಿ ಕಚೇರಿ ತಲುಪಿತು. ಕಲಂ ಹದಿನಾಲ್ಕು ತಿದ್ದದೆ ಕರಡು ಮುಂದಕ್ಕೆ ಹೋಗುವುದಿಲ್ಲವೆಂದು ಐದು ಗಂಟೆಗೆ ಅಲ್ಲಿಂದ ಫೋನು ಬಂತು.

ಬಂಧನ ಪತ್ರಕ್ಕೆ ಸಹಿ ಹಾಕುವ ಮುಂಚೆ ಚಿಕ್ಕಬೋರಮ್ಮ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದಳು. ಅವಳು ಚಿಕ್ಕವಳಿದ್ದಾಗ ಮನೆ ಕೆಡವಲು ಬಂದವರು ಕೊಟ್ಟ ಕಾಗದವನ್ನು ಅಪ್ಪ ತಲೆಕೆಳಗಾಗಿ ಹಿಡಿದು ನೋಡಿ, ಹೆಬ್ಬೆಟ್ಟು ಒತ್ತಿದ್ದನಂತೆ. ಅದರಲ್ಲಿದ್ದ ನಂಬರು ಪಕ್ಕದ ಜಮೀನಿನದು, ಕೆಡವಿದ್ದು ಇವರ ಮನೆ.

“ಸಾ, ನನ್ನ ಇಡ್ದಿದ್ದು ಒಂದ್ ಗಂಟೇಲಿ. ಇಲ್ಲಿ ಮೂರು ಅಂತ ಅದೆ.”

ಕರಿಯಯ್ಯ ಪೆನ್ನು ತೆಗೆದರು. ಮೂರನ್ನು ಹೊಡೆದು ಒಂದು ಮಾಡಿ, ಪಕ್ಕದಲ್ಲಿ ತಮ್ಮ ಸಹಿ ಹಾಕಿದರು.